ಅರ ಹಿಡಿದ ಕೈಗೆ ಒಂದು ಬೆಂಚು

ವರ್ಷಕ್ಕೆ ಒಂದೆರಡು ಸಲವಾದರೂ ಪತ್ರಿಕೆಗಳಲ್ಲಿ ಒಂದೇ ಬಗೆಯ ಫೋಟೋ ಬರುತ್ತದೆ. ರಸ್ತೆಯ ಮೇಲೆ ಬೈಕಿನ ಸೈಲೆನ್ಸರ್‌ಗಳನ್ನು ಸಂತೆಯಲ್ಲಿ ಸೌತೆಕಾಯಿ ಜೋಡಿಸಿದ ಹಾಗೆ ಸಾಲಾಗಿ ಮಲಗಿಸಿರುತ್ತಾರೆ. ಅವುಗಳ ಮೇಲೆ ರೋಡ್ ರೋಲರ್ ಹರಿಯುತ್ತಿರುತ್ತದೆ. ಪಕ್ಕದಲ್ಲಿ ಪೊಲೀಸ್ ಅಧಿಕಾರಿಗಳು ಗಂಭೀರವಾಗಿ ನಿಂತಿರುತ್ತಾರೆ. ಬೆಂಗಳೂರಿನಲ್ಲಿ, ಶಿವಮೊಗ್ಗದಲ್ಲಿ, ಇನ್ನೂ ಹಲವು ಊರುಗಳಲ್ಲಿ ಹೀಗೆ ನಡೆದಿದೆ. ಆ ಫೋಟೋ ಬಂದ ದಿನ ಸ್ಟಾಫ್ ರೂಮಿನಲ್ಲಿ ಒಂದು ಬಗೆಯ ಹಬ್ಬ. "ಹಾಗೇ ಆಗಬೇಕು ಆ ಪೋಲಿಗಳಿಗೆ" ಎನ್ನುತ್ತಾ ಎಲ್ಲರೂ ಟೀ ಕುಡಿಯುತ್ತಾರೆ.

ಸದ್ದು ನನಗೂ ಬೇಡ. ಆದರೆ ಆ ಫೋಟೋದಿಂದ ನನಗೆ ಸಮಾಧಾನವೂ ಆಗುವುದಿಲ್ಲ. ತಗಡು ಚಪ್ಪಟೆಯಾಯಿತು, ಸರಿ. ಆ ತಗಡನ್ನು ಕತ್ತರಿಸಿ, ಬೆಸುಗೆ ಹಾಕಿದ ಕೈಯನ್ನು ಏನು ಮಾಡಿದಿರಿ? ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಪೊಲೀಸರಿಗೆ ಅದು ಕೇಸು, ಶಾಲೆಗೆ ಅದು ಫೇಲಾದ ಹುಡುಗ, ಮನೆಗೆ ಅದು ತಲೆನೋವು. ನನ್ನ ತಕರಾರು ಇರುವುದು ಇಲ್ಲಿ. ನಾವು ಸದ್ದನ್ನೂ ವಿದ್ಯೆಯನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ರೋಲರ್ ಕೆಳಗೆ ಹಾಕುತ್ತಿದ್ದೇವೆ.

ನಾನು ಬಿ.ಎ., ಬಿ.ಎಡ್. ಓದಿದವಳು, ಸಮಾಜ ವಿಜ್ಞಾನದ ಟೀಚರ್. "ನಿಮಗೇಕೆ ಮೇಡಂ ಎಂಜಿನ್ ಸಹವಾಸ?" ಎಂದು ಕೇಳುವವರಿದ್ದಾರೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈಗ ಚಿಕ್ಕಬಳ್ಳಾಪುರ ಎಂದು ವರ್ಗವಾಗುತ್ತಾ ಸರ್ವಿಸ್ ಕಳೆದವಳು ನಾನು. ನಾಲ್ಕು ಊರಿನಲ್ಲೂ ಭಾಷೆಯ ಧಾಟಿ ಬೇರೆ, ತೆಲುಗಿನ ಪಾಲು ಹೆಚ್ಚು ಕಡಿಮೆ, ಹುರುಳಿ ಸಾರಿನ ರುಚಿಯೂ ಬೇರೆ. ಆದರೆ ನಾಲ್ಕೂ ಊರಿನಲ್ಲಿ ಹತ್ತನೇ ಕ್ಲಾಸಿನ ಹಿಂದಿನ ಬೆಂಚಿನವರು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆಯುವ ಚಿತ್ರ ಮಾತ್ರ ಒಂದೇ. ಉದ್ದ ಟ್ಯಾಂಕು, ಗುಂಡನೆಯ ದೀಪ, ಒಂದೇ ಸಿಲಿಂಡರು. ಆರೆಕ್ಸ್!

ಯಮಹಾ ಆರ್‌ಎಕ್ಸ್ 100 ನಮ್ಮ ದೇಶದಲ್ಲಿ ಬಂದದ್ದು 1985ರಲ್ಲಿ, ಎಸ್ಕಾರ್ಟ್ಸ್ ಕಂಪನಿಯ ಕೈಯಿಂದ. ನಿಂತದ್ದು 1996ರಲ್ಲಿ. 98 ಸಿಸಿ, 11 ಕುದುರೆ ಬಲ, ತೂಕ ನೂರು ಕಿಲೋದ ಆಸುಪಾಸು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ, ನಮ್ಮ ಅಣ್ಣಂದಿರ ಕಾಲದ ಜಾವಾ, ಯೆಜ್ಡಿ ಗಾಡಿಗಳ ತವರು, ಬಾಗಿಲು ಮುಚ್ಚಿದ್ದೂ ಅದೇ 1996ರಲ್ಲಿ. ಹೊಗೆಯ ಕಾನೂನು 1996ರಲ್ಲಿ ಬಿಗಿಯಾಯಿತು, 2000ದಲ್ಲಿ ಇನ್ನಷ್ಟು ಬಿಗಿಯಾಯಿತು. ಟೂ ಸ್ಟ್ರೋಕ್ ಬೈಕುಗಳ ಕಾಲ ಮುಗಿಯಿತು ಎಂದುಕೊಂಡೆವು. ಎಲ್ಲಿ ಮುಗಿಯಿತು? ತಯಾರಿ ನಿಂತ ಮೇಲೆ ಹುಟ್ಟಿದ ಹುಡುಗರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಯಾರದೋ ದನದ ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗೆ ಬಿದ್ದಿದ್ದ ಗಾಡಿಯನ್ನು ಸಾವಿರಾರು ರೂಪಾಯಿ ಕೊಟ್ಟು ತರುತ್ತಾರೆ. ಚೆನ್ನಾಗಿರುವ ಗಾಡಿ ಲಕ್ಷ ದಾಟಿಯೂ ಮಾರಾಟವಾಗುತ್ತದೆ. ನಾವು ಬಂಗಾರದ ಬೆಲೆ ನೋಡಿ ಬಾಯಿ ಬಿಡುತ್ತೇವೆ; ಅವರು ಆರೆಕ್ಸ್ ಬೆಲೆ ನೋಡಿ.

ತಂದ ಮೇಲೆ ಅದನ್ನು ಹಾಗೇ ಓಡಿಸಿದರೆ ಮರ್ಯಾದೆಯಿಲ್ಲ. "ಪಿಕಪ್" ಹೆಚ್ಚಿಸಬೇಕು. ಬೋರ್ ಬಿಚ್ಚಬೇಕು, ಹೆಡ್ ಉಜ್ಜಬೇಕು, ದೊಡ್ಡ ಕಾರ್ಬ್ಯುರೇಟರ್ ಕೂರಿಸಬೇಕು, ಸೈಲೆನ್ಸರ್ ಬದಲಾಯಿಸಬೇಕು. ಈ ಕೆಲಸ ನಡೆಯುವುದು ಮೆಕ್ಯಾನಿಕ್ ಶೆಡ್ಡುಗಳ ಹಿಂಭಾಗದಲ್ಲಿ, ಸಂಜೆ ಏಳರ ಮೇಲೆ.

ಇದರಲ್ಲಿ ಏನಿದೆ ಎಂದು ನಾನು ಕೇಳಿ ತಿಳಿದುಕೊಂಡದ್ದು ಪುಸ್ತಕದಿಂದಲ್ಲ, ಒಬ್ಬ ವಿದ್ಯಾರ್ಥಿಯಿಂದ. ವಿಜ್ಞಾನದಲ್ಲಿ ಅವನಿಗೆ ಸಿಗುತ್ತಿದ್ದದ್ದು ಪಾಸಾಗುವಷ್ಟು ಅಂಕ, ಕೆಲವು ಸಲ ಅದೂ ಇಲ್ಲ. ಒಂದು ಮಧ್ಯಾಹ್ನ ಬಿಡುವಿನ ಪಿರಿಯಡ್ಡಿನಲ್ಲಿ, "ಆ ಎಂಜಿನ್ನಿನಲ್ಲಿ ಅದೇನು ಮಾಡ್ತೀಯೋ, ನನಗೂ ಹೇಳಪ್ಪ" ಎಂದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ತಲೆ ಕೆರೆದುಕೊಂಡ. ಮತ್ತೆ ಕೇಳಿದಾಗ ಸೀಮೆಸುಣ್ಣ ತೆಗೆದುಕೊಂಡ. ಮೂವತ್ತೈದು ನಿಮಿಷ ಬೋರ್ಡಿನ ಮುಂದಿದ್ದ. ಒಂದು ಸಲವೂ ತಡವರಿಸಲಿಲ್ಲ.

ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ, ಕೇಳಿ. ಕಷ್ಟವೇನಿಲ್ಲ, ಕುಕ್ಕರಿನ ಗ್ಯಾಸ್ಕೆಟ್ ಬದಲಾಯಿಸಿದವರಿಗೆಲ್ಲ ಅರ್ಥವಾಗುತ್ತದೆ.

ಈಗಿನ ಸಾಮಾನ್ಯ ಬೈಕಿನ ಎಂಜಿನ್ ನಾಲ್ಕು ಹೆಜ್ಜೆಯಲ್ಲಿ ಉಸಿರಾಡುತ್ತದೆ. ಎಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊರಹಾಕುವುದು. ಎರಡು ಸುತ್ತಿಗೆ ಒಂದು ಸಲ ಬೆಂಕಿ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಬೆಂಕಿ. ಹೊಗೆ ಬಿಡಲು, ಗಾಳಿ ಪೆಟ್ರೋಲು ಒಳಗೆ ಬಿಡಲು ಬಾಗಿಲು ತೆರೆದು ಮುಚ್ಚುವ ವಾಲ್ವುಗಳು ಅದರ ತಲೆಯ ಮೇಲೆ ಇಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳಿವೆ. ಪಿಸ್ಟನ್ ಇಳಿದಾಗ ಕಿಂಡಿ ತೆರೆಯುತ್ತದೆ, ಏರಿದಾಗ ಮುಚ್ಚುತ್ತದೆ. ಅಷ್ಟೇ. ಹಾಗಾಗಿ ಕಿಂಡಿ ಎಷ್ಟು ಎತ್ತರದಲ್ಲಿದೆ, ಎಷ್ಟು ಅಗಲವಿದೆ ಎಂಬುದೇ ಆ ಎಂಜಿನ್ನಿನ ಜಾತಕ.

ಹೊಗೆ ಹೋಗುವ ಕಿಂಡಿಯ ಮೇಲಂಚನ್ನು ಅರದಿಂದ ಒಂದು ಮಿಲಿಮೀಟರ್ ಉಜ್ಜಿದರೆ ಏನಾಗುತ್ತದೆ? ಅದು ಸ್ವಲ್ಪ ಮುಂಚೆ ತೆರೆದು ಸ್ವಲ್ಪ ತಡವಾಗಿ ಮುಚ್ಚುತ್ತದೆ. ಆರೆಕ್ಸ್ ಎಂಜಿನ್ ತನ್ನ ಪೂರ್ತಿ ಬಲ ಕೊಡುವುದು ನಿಮಿಷಕ್ಕೆ 7,500 ಸುತ್ತು ತಿರುಗಿದಾಗ. ಅಂದರೆ ಸೆಕೆಂಡಿಗೆ 125 ಸುತ್ತು, ಒಂದು ಸುತ್ತಿಗೆ ಸೆಕೆಂಡಿನ ಸಾವಿರದ 8 ಪಾಲು. ಕಿಂಡಿ ತೆರೆದಿರುವುದು ಅದರಲ್ಲಿ ಹೆಚ್ಚುಕಡಿಮೆ ಅರ್ಧ. ಅಷ್ಟರೊಳಗೆ ಹಳೆಯ ಹೊಗೆ ಹೋಗಬೇಕು, ಹೊಸ ಗಾಳಿ ಬರಬೇಕು. ಇನ್ನೂ ವೇಗವಾಗಿ ತಿರುಗಿಸಬೇಕಾದರೆ ಬಾಗಿಲು ಇನ್ನೂ ಹೆಚ್ಚು ಹೊತ್ತು ತೆರೆದಿರಬೇಕು. ಅದಕ್ಕೆ ಅರ. ಆದರೆ ಪುಕ್ಕಟೆ ಏನೂ ಇಲ್ಲ. ಮೇಲೆ ಸಿಕ್ಕಿದ ಬಲ ಕೆಳಗೆ ಹೋಗುತ್ತದೆ. ನಿಧಾನವಾಗಿ ಹೊರಟಾಗ ಗಾಡಿ ಸತ್ತ ಎಮ್ಮೆಯ ಹಾಗೆ, ಒಂದು ವೇಗ ದಾಟಿದ ಮೇಲೆ ದೆವ್ವ ಹಿಡಿದ ಹಾಗೆ. "ಒಂದ್ಸಲ ಜಾಸ್ತಿ ಉಜ್ಜಿದ್ರೆ ವಾಪಸ್ ಹಾಕಕ್ಕಾಗಲ್ಲ ಮೇಡಂ" ಎಂದ ಹುಡುಗ. ಆ ಒಂದು ಮಾತಿಗೆ ನಾನಾಗಿದ್ದರೆ ಹತ್ತು ಅಂಕ ಕೊಡುತ್ತಿದ್ದೆ.

ಇನ್ನು ಸೈಲೆನ್ಸರ್. ನಾವೆಲ್ಲ ಅದನ್ನು ಸದ್ದು ಅಡಗಿಸುವ ಡಬ್ಬಿ ಎಂದುಕೊಂಡಿದ್ದೇವೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಅದು ಎಂಜಿನ್ನಿನ ಅರ್ಧ ಭಾಗ. ಹೊಸ ಗಾಳಿ ಪೆಟ್ರೋಲು ಒಳಗೆ ಬರುವಾಗ ಹೊಗೆ ಕಿಂಡಿಯೂ ತೆರೆದೇ ಇರುವುದರಿಂದ ಒಂದು ಪಾಲು ಉರಿಯದೆಯೇ ಹೊರಗೆ ಓಡುತ್ತದೆ. ಅದನ್ನು ತಡೆಯುವುದು ಹೇಗೆ? ಹೊಗೆಯ ಜೊತೆ ಒಂದು ಒತ್ತಡದ ಅಲೆ ಕೊಳವೆಯಲ್ಲಿ ಓಡುತ್ತದೆ, ಶಬ್ದದ ವೇಗದಲ್ಲಿ. ಕೊಳವೆ ಅಗಲವಾಗುವ ಕಡೆ ಆ ಅಲೆ ಹಿಂದಕ್ಕೆ ಒಂದು ಸೆಳೆತ ಕಳಿಸುತ್ತದೆ. ಸಿಲಿಂಡರಿನ ಹೊಗೆ ಈಚೆಗೆ ಬರುತ್ತದೆ. ಮುಂದೆ ಕೊಳವೆ ಮತ್ತೆ ಕಿರಿದಾಗುವ ಕಡೆ ಅಲೆ ಗೋಡೆಗೆ ಹೊಡೆದ ಚೆಂಡಿನ ಹಾಗೆ ವಾಪಸಾಗಿ, ಓಡಿಹೋಗುತ್ತಿದ್ದ ಹೊಸ ಗಾಳಿಯನ್ನು ಕಿಂಡಿ ಮುಚ್ಚುವ ಮುಂಚೆ ಒಳಗೆ ತಳ್ಳುತ್ತದೆ. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಸಾವಿರದ 4 ಪಾಲು ಸೆಕೆಂಡಿನಲ್ಲಿ ಅದು ಹೋಗಿ ಬರುವುದು 2 ಮೀಟರ್. ಅಂದಮೇಲೆ ಕೊಳವೆಯ ಉದ್ದ ಒಂದು ಮೀಟರಿನ ಆಸುಪಾಸಿನಲ್ಲಿರಬೇಕು. ನೋಡಿ, ಲೆಕ್ಕ ಎಷ್ಟು ಅಚ್ಚುಕಟ್ಟಾಗಿ ಕೂರುತ್ತದೆ! ನನ್ನ ಅಜ್ಜಿ ಒಲೆಗೆ ಊದುಗೊಳವೆ ಆರಿಸುವಾಗ ಇಷ್ಟುದ್ದ, ಇಷ್ಟು ಬಾಯಿ ಎಂದು ನೋಡುತ್ತಿದ್ದದ್ದು ನೆನಪಾಯಿತು.

ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಶಬ್ದದ ಪಾಠವಿದೆ. ಪ್ರತಿಧ್ವನಿ, ಶಬ್ದದ ವೇಗ, ಪ್ರತಿಫಲನ. ಮಕ್ಕಳು ಅದನ್ನು ಬೆಟ್ಟದ ಮುಂದೆ ನಿಂತು ಕೂಗಿದ ಮನುಷ್ಯನ ಲೆಕ್ಕವಾಗಿ ಬಾಯಿಪಾಠ ಮಾಡುತ್ತಾರೆ. ಈ ಹುಡುಗ ಅದನ್ನೇ ತಗಡಿನಲ್ಲಿ ಕತ್ತರಿಸುತ್ತಿದ್ದ. ಪರೀಕ್ಷೆಯಲ್ಲಿ ಬೆಟ್ಟದ ಲೆಕ್ಕ ತಪ್ಪಿಸಿದ. ಯಾಕೆಂದರೆ ಎರಡೂ ಒಂದೇ ಲೆಕ್ಕ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಪಾಠ ಮಾಡಿದವರಿಗೆ ಶೆಡ್ಡು ಗೊತ್ತಿಲ್ಲ, ಶೆಡ್ಡಿನ ಮೇಸ್ತ್ರಿಗೆ ಪಾಠ ಗೊತ್ತಿಲ್ಲ, ನಡುವೆ ಹುಡುಗ.

ಈ ವಿದ್ಯೆ ಪೋಲಿಗಳದ್ದು ಎನ್ನುವವರು ಇದರ ಚರಿತ್ರೆ ಕೇಳಬೇಕು. ಚರಿತ್ರೆ ನನ್ನ ವಿಷಯ, ಹಾಗಾಗಿ ಸ್ವಲ್ಪ ಹುಡುಕಿ ಓದಿದ್ದೇನೆ. ಪೂರ್ವ ಜರ್ಮನಿಯ ಎಂಜೆಡ್ ಎಂಬ ಮೋಟರ್ ಸೈಕಲ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ ಇದ್ದ. ದುಡ್ಡಿಲ್ಲದ ಕಾರ್ಖಾನೆ, ಸಾಮಾನಿಗೂ ಬರ. ಅವನು ಮಾಡಿದ್ದು ಇದನ್ನೇ. ಕಿಂಡಿಗಳನ್ನು ತಿದ್ದಿದ, ಕೊಳವೆಯ ಆಕಾರವನ್ನು ಅಲೆಗೆ ಹೊಂದಿಸಿದ, ಪ್ರತಿ ಬದಲಾವಣೆಯನ್ನೂ ಅಳೆದು ಬರೆದಿಟ್ಟ. 1961ರ ಹೊತ್ತಿಗೆ ಅವನ 125 ಸಿಸಿ ಎಂಜಿನ್ 25 ಕುದುರೆ ಬಲ ಕೊಡುತ್ತಿತ್ತು. ಲೀಟರಿಗೆ 200 ಕುದುರೆ ಬಲದ ಲೆಕ್ಕ. ಅದೇ ವರ್ಷ ಅವನ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆ ಹೋದವನು ವಾಪಸು ಬರಲಿಲ್ಲ. ಹೆಂಡತಿ ಮಕ್ಕಳನ್ನು ಕಾರಿನ ಡಿಕ್ಕಿಯಲ್ಲಿ ಅಡಗಿಸಿ ಗಡಿ ದಾಟಿಸಿದ್ದರು. ಎಂಜಿನ್ನಿನ ಗುಟ್ಟು ಜಪಾನಿನ ಸುಜುಕಿ ಕಂಪನಿಗೆ ಹೋಯಿತು. ಮರುವರ್ಷ, 1962ರಲ್ಲಿ, 50 ಸಿಸಿ ವಿಶ್ವ ಚಾಂಪಿಯನ್ ಪಟ್ಟ ಸುಜುಕಿಗೆ, ಡೆಗ್ನರನಿಗೆ. ಒಂದು ಕೊಳವೆಯ ಆಕಾರಕ್ಕಾಗಿ ಇಷ್ಟೆಲ್ಲ ನಡೆಯಿತು. 1973ರಲ್ಲಿ ಅಮೆರಿಕದ ಗಾರ್ಡನ್ ಜೆನ್ನಿಂಗ್ಸ್ ಈ ಲೆಕ್ಕಗಳನ್ನೆಲ್ಲ ಒಂದು ಕೈಪಿಡಿಯಾಗಿ ಬರೆದ; ಅಲ್ಲಿಂದ ಮುಂದೆ ಗ್ಯಾರೇಜಿನ ಹುಡುಗನೂ ಕೂಡಿ ಕಳೆದು ನೋಡುವಂತಾಯಿತು. ಹೊರದೇಶಗಳಲ್ಲಿ ದೋಣಿಯ ಹಿಂದೆ ತೂಗುಹಾಕುವ ಎಂಜಿನ್ನುಗಳಿಗೂ ಇದೇ ಕೆಲಸ ಮಾಡಿ ನೀರಿನ ಮೇಲೆ ಪಂದ್ಯ ಆಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ದೋಣಿಯ ಮಾತೆಲ್ಲಿ ಬಂತು? ಕೆರೆಗೆ ಬಂದಿರುವುದೂ ಬೆಂಗಳೂರಿನವರು ಬಳಸಿ, ಸೋಸಿ ಕಳಿಸಿದ ನೀರು. ನಮ್ಮ ಮಕ್ಕಳಿಗೆ ಇರುವುದು ರಸ್ತೆ ಒಂದೇ.

ರಸ್ತೆಯ ವಿಷಯದಲ್ಲಿ ನನ್ನಲ್ಲಿ ಯಾವ ದಾಕ್ಷಿಣ್ಯವೂ ಇಲ್ಲ.

ಮೊದಲಿಗೆ ಆ ಸದ್ದಿನ ಹುಡುಗರ ವಿಚಾರ. ಸೈಲೆನ್ಸರ್ ಒಳಗಿನ ಕೊಳವೆ ಕಿತ್ತು, ಬುಡಕ್ಕೆ ತೂತು ಹೊಡೆದು, ಬಿ.ಬಿ. ರಸ್ತೆಯಲ್ಲಿ ಪಟಾಕಿ ಹೊಡೆಸಿಕೊಂಡು ಹೋಗುವವನಿಗೆ ಎಂಜಿನ್ನಿನ ವಿದ್ಯೆ ಬರುವುದಿಲ್ಲ ಎಂದು ನಾನು ಬರೆದು ಕೊಡುತ್ತೇನೆ. ಮೇಲೆ ಹೇಳಿದ ಲೆಕ್ಕ ನೆನಪಿದೆಯಲ್ಲ? ಅಲೆ ವಾಪಸಾಗುವ ಗೋಡೆಯನ್ನೇ ಒಡೆದ ಮೇಲೆ ಹೊಸ ಗಾಳಿಯನ್ನು ಒಳಗೆ ತಳ್ಳುವವರು ಯಾರು? ಸದ್ದು ಹೆಚ್ಚಾಗುತ್ತದೆ, ಬಲ ಎಷ್ಟೋ ಸಲ ಕಡಿಮೆಯೇ ಆಗುತ್ತದೆ. ಪೆಟ್ರೋಲು ಹೊಗೆಯಾಗಿ ಹೋಗುತ್ತದೆ. ಅವನು ಮೆಕ್ಯಾನಿಕ್ ಅಲ್ಲ, ತಮಟೆಯವನು. ತಮಟೆಯವರಿಗಾದರೂ ತಾಳ ಗೊತ್ತಿರುತ್ತದೆ. ಗೌರಿಬಿದನೂರಿನ ಹತ್ತಿರ 1965ರಿಂದ ಭೂಕಂಪ ಅಳೆಯುವ ಕೇಂದ್ರವಿದೆ, ಎಲ್ಲೋ ದೂರದೇಶದಲ್ಲಿ ಭೂಮಿ ನಡುಗಿದರೂ ಅದಕ್ಕೆ ತಿಳಿಯುತ್ತದಂತೆ. ನಮ್ಮ ಬೀದಿಯ ಬಾಣಂತಿಗೆ ಆ ಯಂತ್ರ ಬೇಡ, ಮೊದಲ ಗೇರಿನಲ್ಲೇ ತಿಳಿಯುತ್ತದೆ. ಶಿಡ್ಲಘಟ್ಟದಲ್ಲಿ ಬೆಳಗಿನಿಂದ ಫಿಲೇಚರಿನ ಬಿಸಿನೀರಿನಲ್ಲಿ ಕೈಯಿಟ್ಟು ನೂಲು ತೆಗೆದು ಬಂದ ಹೆಂಗಸು ರಾತ್ರಿ ಕಣ್ಣು ಮುಚ್ಚುವುದೇ ಆರೇಳು ಗಂಟೆ. ಆ ನಿದ್ದೆಯನ್ನು ಹರಿಯಲು ಇವನಿಗೆ ಹಕ್ಕು ಕೊಟ್ಟವರು ಯಾರು? ಟ್ಯೂಷನ್ ಮುಗಿಸಿ ಬರುವ ಹುಡುಗಿಯರ ಪಕ್ಕಕ್ಕೆ ಬಂದು ಆಕ್ಸಿಲರೇಟರ್ ತಿರುಚುವುದು ಯಾವ ವಿಜ್ಞಾನ?

ಇನ್ನು ನಿಜವಾಗಿ ಬಲ ಹೆಚ್ಚಿಸಿದವನು. ಅವನ ಅಪಾಯ ಇನ್ನೂ ದೊಡ್ಡದು. 11 ಕುದುರೆಗೆ ಮಾಡಿದ ಗಾಡಿಗೆ ಇನ್ನಷ್ಟು ಕುದುರೆ ಕಟ್ಟಿದ, ಸರಿ. ಬ್ರೇಕ್? ಅದೇ ಹಳೆಯ ಡ್ರಮ್ ಬ್ರೇಕ್. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿಯನ್ನು ನಿಲ್ಲಿಸುವುದಕ್ಕೂ 100ರಲ್ಲಿ ಹೋಗುವುದನ್ನು ನಿಲ್ಲಿಸುವುದಕ್ಕೂ ಇರುವ ವ್ಯತ್ಯಾಸ ಒಂದೂವರೆ ಪಾಲಲ್ಲ, ಎರಡೂಮುಕ್ಕಾಲು ಪಾಲು. ವೇಗದ ವರ್ಗಕ್ಕೆ ತಕ್ಕಂತೆ ಶಕ್ತಿ ಏರುತ್ತದೆ, ಇದೂ ಪುಸ್ತಕದಲ್ಲಿದೆ. ಹೆಡ್ ಉಜ್ಜಿ ಒತ್ತಡ ಹೆಚ್ಚಿಸಿ, ಪೆಟ್ರೋಲಿನ ಪ್ರಮಾಣ ಸರಿಯಾಗಿ ಕೊಡದಿದ್ದರೆ ಪಿಸ್ಟನ್ ಕಾದು ಉಬ್ಬಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಇದಕ್ಕೆ "ಸೀಜ್" ಎನ್ನುತ್ತಾರೆ. ಓಡುತ್ತಿರುವ ಗಾಡಿಯ ಹಿಂದಿನ ಚಕ್ರ ಒಮ್ಮೆಲೇ ನಿಲ್ಲುತ್ತದೆ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ, ಹೈದರಾಬಾದಿನ ಲಾರಿ ಹಿಂದೆ ಬರುತ್ತಿರುವಾಗ ಇದಾದರೆ ಮುಂದಿನದನ್ನು ನಾನು ಬರೆಯಬೇಕಿಲ್ಲ. ನಮ್ಮ ಸರ್ಕಲ್ಲುಗಳಲ್ಲಿ ಫ್ಲೆಕ್ಸ್ ನೋಡಿದ್ದೀರಿ. ಮೀಸೆ ಈಗ ಮೂಡುತ್ತಿರುವ ಮುಖ, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಅಂಥ ಮುಖಗಳಲ್ಲಿ ಕೆಲವಕ್ಕೆ ನಾನು ಹಾಜರಿ ಕೂಗಿದ್ದೇನೆ. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮೇಲೆ ಕೆಂಪು ಗೆರೆ ಎಳೆಯುವುದು ಹೇಗಿರುತ್ತದೆ ಎಂದು ಸೈಲೆನ್ಸರ್ ತುಳಿಸಿ ಫೋಟೋ ತೆಗೆಸಿಕೊಂಡವರಿಗೆ ಗೊತ್ತಿಲ್ಲ.

ಈಗ ತಾಯಂದಿರ ಸರದಿ. ಬೇಸರ ಮಾಡಿಕೊಳ್ಳಬೇಡಿ, ನಮ್ಮ ನಮ್ಮಲ್ಲೇ ಮಾತು.

ಮೆಕ್ಯಾನಿಕ್ ಕೆಡಿಸಿದ, ಸಿನಿಮಾ ಕೆಡಿಸಿತು, ಮೊಬೈಲ್ ಕೆಡಿಸಿತು ಎನ್ನುತ್ತೇವೆ. ಗಾಡಿಗೆ ದುಡ್ಡು ಕೊಟ್ಟವರು ಯಾರು? "ಏನ್ ಮಾಡೋದು ಮೇಡಂ, ಒಬ್ನೇ ಮಗ, ಗಾಡಿ ಕೊಡಿಸ್ದೇ ಇದ್ರೆ ಊಟ ಬಿಡ್ತೀನಿ ಅಂದ" ಎಂದು ಸಭೆಗೆ ಬಂದ ತಾಯಂದಿರು ನನ್ನ ಮುಂದೆ ಕಣ್ಣೊರೆಸಿಕೊಂಡಿದ್ದಾರೆ. ರೇಷ್ಮೆಗೂಡು ಮಾರಿದ ದುಡ್ಡು, ಟೊಮೆಟೊಗೆ ಬೆಲೆ ಬಂದ ವರ್ಷದ ದುಡ್ಡು, ಕೆಲವು ಸಲ ಕಿವಿಯ ಓಲೆಯ ದುಡ್ಡು. ಮಗಳು ಒಂದು ಸೈಕಲ್ ಕೇಳಿದರೆ "ಮುಂದಿನ ವರ್ಷ ನೋಡೋಣಮ್ಮ" ಎಂದ ಅದೇ ಮನೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಂ ಏನು ಹೇಳುತ್ತದೆ ಗೊತ್ತೇ? ಹದಿನೆಂಟು ತುಂಬದವನು ಗಾಡಿಯಲ್ಲಿ ತಪ್ಪು ಮಾಡಿದರೆ ಅಪರಾಧಿಗಳು ಪೋಷಕರು ಅಥವಾ ಗಾಡಿಯ ಮಾಲೀಕರು. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, 12 ತಿಂಗಳು ಗಾಡಿಯ ನೋಂದಣಿ ರದ್ದು. ಹುಡುಗನಿಗೆ 25 ವಯಸ್ಸಾಗುವವರೆಗೆ ಎಲ್‌ಎಲ್ ಕೂಡ ಸಿಗುವುದಿಲ್ಲ. ವಯಸ್ಸಾದವನೂ ತಪ್ಪಿಸಿಕೊಳ್ಳುವಂತಿಲ್ಲ. ಕಂಪನಿ ಮಾಡಿದ ಗಾಡಿಯನ್ನು ನೋಂದಣಿಗೆ ವಿರುದ್ಧವಾಗಿ ಬದಲಾಯಿಸಬಾರದು ಎಂದು 52ನೇ ಕಲಂ ಹೇಳುತ್ತದೆ. ಬದಲಾಯಿಸಿದ ಮಾಲೀಕನಿಗೆ 182ಎ ಕಲಂನಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು. ರಸ್ತೆಯಲ್ಲಿ ಪಂದ್ಯ ಕಟ್ಟಿದರೆ 189ನೇ ಕಲಂ ಬೇರೆ. ಇದನ್ನು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ, ಮಗ ಊಟ ಬಿಟ್ಟ ದಿನ ಓದಿ ಹೇಳಲು ಬೇಕಾಗುತ್ತದೆ.

ಹಾಗಾದರೆ ಕಾನೂನೇ ಸಾಕಲ್ಲ, ಇಷ್ಟೆಲ್ಲ ಯಾಕೆ ಎನ್ನುತ್ತೀರಿ. ಸಾಲದು. ಕಾನೂನು ರಸ್ತೆಯಿಂದ ಇಳಿಸುತ್ತದೆ. ಇಳಿದ ಮೇಲೆ ಎಲ್ಲಿಗೆ ಹೋಗಬೇಕೆಂದು ಹೇಳುವುದಿಲ್ಲ. ತಮಿಳುನಾಡಿನಲ್ಲಿ ಹಿಂದೆ ಶೋಲಾವರಂ ವಿಮಾನ ಪಟ್ಟಿಯ ಮೇಲೆ ರೇಸು ನಡೆಯುತ್ತಿತ್ತು, 1990ರಲ್ಲಿ ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈನಲ್ಲಿ ಕಾಯಂ ಟ್ರ್ಯಾಕ್ ಆಯಿತು, ಕೊಯಮತ್ತೂರಿನಲ್ಲಿ ಇನ್ನೊಂದು. ಅಲ್ಲಿ ಹೆಲ್ಮೆಟ್ಟಿದೆ, ಚರ್ಮದ ಉಡುಪಿದೆ, ಆಂಬುಲೆನ್ಸ್ ನಿಂತಿರುತ್ತದೆ, ಗಾಡಿ ತಪಾಸಣೆಯಾಗದೆ ಒಳಗೆ ಬಿಡುವುದಿಲ್ಲ, ಎದುರಿನಿಂದ ಎತ್ತಿನ ಗಾಡಿ ಬರುವುದಿಲ್ಲ. ತಿದ್ದಿದ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಬೇಕು, ಟೆಂಪೋದಲ್ಲೇ ವಾಪಸು ತರಬೇಕು. ಖರ್ಚು ಹೌದು. ನಾಲ್ಕು ಜನ ಸೇರಿ ಮಾಡಲಿ. ಆಸ್ಪತ್ರೆಯ ಖರ್ಚಿಗಿಂತ ಕಡಿಮೆ.

ಮುದ್ದೇನಹಳ್ಳಿ ನಮ್ಮ ಜಿಲ್ಲೆಯದು. ಪ್ರತಿ ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕಿ, ಎಂಜಿನಿಯರ್ಸ್ ದಿನ ಆಚರಿಸಿ, ಮಕ್ಕಳ ಕೈಯಲ್ಲಿ ಭಾಷಣ ಮಾಡಿಸುತ್ತೇವೆ. ನೀರು ಒಂದು ಮಟ್ಟಕ್ಕೆ ಬಂದಾಗ ತಾನೇ ತೆರೆದುಕೊಳ್ಳುವ ಬಾಗಿಲನ್ನು ಕಂಡುಹಿಡಿದು 1903ರಲ್ಲಿ ಖಡಕ್‌ವಾಸ್ಲಾದಲ್ಲಿ ಅಳವಡಿಸಿದವರು ಅವರು. ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದೇ ಅಲ್ಲಿಯೂ ಪ್ರಶ್ನೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಭೌತವಿಜ್ಞಾನದ ಮೇಷ್ಟ್ರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ವಿಜ್ಞಾನವನ್ನು ಜನರ ನಡುವೆ ತರಲು ಬಾಳನ್ನೇ ಸವೆಸಿದವರು. ಇಂಥ ನೆಲದಲ್ಲಿ ಎಸ್ಸೆಸ್ಸೆಲ್ಸಿ ಹುಡುಗನ ಕೈಯಲ್ಲಿ ಗ್ರೀಸ್ ಕಂಡರೆ "ನಿನಗೆ ಓದು ಹತ್ತೋದಿಲ್ಲ, ಗ್ಯಾರೇಜಿಗೇ ಲಾಯಕ್ಕು" ಎನ್ನುತ್ತೇವೆ. ಗ್ಯಾರೇಜು ಬೈಗುಳವಾಯಿತು. ಐಟಿಐ ಎಂದರೆ ಉಳಿದವರು ಹೋಗುವ ಜಾಗವಾಯಿತು. ಜಾಣರೆಲ್ಲ ಸಿಇಟಿ ಕೋಚಿಂಗಿಗೆ ಹೋಗಿ, ಎಂಜಿನಿಯರಿಂಗ್ ಸೇರಿ, ಒಂದು ನಟ್ಟು ಬಿಚ್ಚದೆ ಪಾಸಾಗಿ ಬರುತ್ತಾರೆ.

ನನಗೆ ಬೋರ್ಡಿನ ಮೇಲೆ ಪಾಠ ಹೇಳಿದ ಆ ಹುಡುಗ ಈಗ ಬೆಂಗಳೂರಿನಲ್ಲಿ ಮನೆಮನೆಗೆ ಪಾರ್ಸೆಲ್ ಹಂಚುತ್ತಾನೆ. ಬದುಕಿದ್ದಾನೆ, ದುಡಿಯುತ್ತಾನೆ, ಸಂತೋಷ. ಆದರೆ ಸಾವಿರದ 4 ಪಾಲು ಸೆಕೆಂಡಿನ ಲೆಕ್ಕ ಗೊತ್ತಿದ್ದ ತಲೆ ಅದು.

"ಇನ್ನು ಕರೆಂಟ್ ಗಾಡಿಗಳ ಕಾಲ ಮೇಡಂ, ಈ ಹಳೇ ಹೊಗೆ ಎಂಜಿನ್ ಕಟ್ಟಿಕೊಂಡು ಏನು ಪ್ರಯೋಜನ?" ಎಂದು ನಮ್ಮ ವಿಜ್ಞಾನದ ಮೇಷ್ಟ್ರೊಬ್ಬರು ವಾದ ಹೂಡಿದರು. ಎಂಜಿನ್ ಹೋಗಲಿ. ಮಿಲಿಮೀಟರಿನ ಹತ್ತನೇ ಒಂದು ಪಾಲು ಅಳೆಯುವ ಕಣ್ಣು, ಉಜ್ಜುವ ಮುಂಚೆ ಯೋಚಿಸುವ ತಾಳ್ಮೆ, ಒಂದೇ ಒಂದನ್ನು ಬದಲಾಯಿಸಿ ಏನಾಯಿತೆಂದು ಬರೆದಿಡುವ ಅಭ್ಯಾಸ, ಇವು ಹಳೆಯವಾಗುತ್ತವೆಯೇ? ಶಿಡ್ಲಘಟ್ಟದ ನೂಲಿನ ಯಂತ್ರ ಕೆಟ್ಟರೆ, ಚಿಂತಾಮಣಿಯ ತೋಟದ ಬೋರ್‌ವೆಲ್ ಮೋಟಾರು ಸುಟ್ಟರೆ ಬಂದು ಸರಿಮಾಡುವುದು ಇಂಥದೇ ಕೈ. ಟೂ ಸ್ಟ್ರೋಕ್ ಎಂಜಿನ್ ಕಲಿಸಲು ಹೇಳಿ ಮಾಡಿಸಿದ ವಸ್ತು. ಬಿಡಿಭಾಗ ಕಡಿಮೆ, ಬಿಚ್ಚಿದರೆ ಎಲ್ಲ ಕಣ್ಣಿಗೆ ಕಾಣುತ್ತದೆ, ಮೇಜಿನ ಮೇಲೆ ಹಿಡಿಸುತ್ತದೆ.

ಮತ್ತು ಆ ಮೇಜಿನ ಸುತ್ತ ಹುಡುಗಿಯರೂ ನಿಲ್ಲಬೇಕು. ಶೆಡ್ಡಿಗೆ ಹೆಣ್ಣುಮಗಳನ್ನು ಕಳಿಸಲಾರಿರಿ, ಏಳರ ಮೇಲೆ ಅಂತೂ ನಾನೂ ಕಳಿಸೆನು. ಆದ್ದರಿಂದಲೇ ಅದು ಶಾಲೆಯೊಳಗೆ ಬರಬೇಕು ಎನ್ನುತ್ತಿರುವುದು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮರಳುಗಾಡಿನ ಬೈಕ್ ರೇಸುಗಳ ವಿಶ್ವಕಪ್ಪನ್ನು ಮಹಿಳೆಯರ ವಿಭಾಗದಲ್ಲಿ ಗೆದ್ದು ಬಂದಳು. ಮೋಟಾರು ಕ್ರೀಡೆಯಲ್ಲಿ ಈ ದೇಶಕ್ಕೆ ಬಂದ ಮೊದಲ ವಿಶ್ವ ಪಟ್ಟ ಅದು. ಹೆಣ್ಣುಮಕ್ಕಳಿಗೆ ಯಂತ್ರ ಅರ್ಥವಾಗುವುದಿಲ್ಲ ಎನ್ನುವ ಗಂಡಸರು ಮಿಕ್ಸಿ ಕೆಟ್ಟ ದಿನ ಮನೆಯಲ್ಲಿ ಏನು ಮಾಡುತ್ತಾರೆಂದು ನಿಮಗೂ ಗೊತ್ತು, ನನಗೂ ಗೊತ್ತು.

ಬೇಕಾಗಿರುವುದು ಕೋಟಿ ರೂಪಾಯಿಯ ಯೋಜನೆಯಲ್ಲ. ಗುಜರಿಯವರಿಂದ ಕೆಜಿ ಲೆಕ್ಕದಲ್ಲಿ ತಂದ ಒಂದು ಸತ್ತ ಎಂಜಿನ್. ಗಟ್ಟಿ ಮರದ ಬೆಂಚು, ಅದಕ್ಕೊಂದು ವೈಸ್. ನಾಲ್ಕು ಅರ, ಒಂದು ವರ್ನಿಯರ್ ಕ್ಯಾಲಿಪರ್, ಕೋನ ಅಳೆಯಲು ರಟ್ಟಿನ ಡಿಗ್ರಿ ಚಕ್ರ. ಅದನ್ನು ಜಾಮಿಟ್ರಿ ಬಾಕ್ಸಿನ ಕೋನಮಾಪಕದಿಂದ ಮಕ್ಕಳೇ ಮಾಡುತ್ತಾರೆ. ಶನಿವಾರ ಎರಡು ಗಂಟೆ ಬಂದು ಕೂರಲು ಊರಿನ ಒಬ್ಬ ಹಿರಿಯ ಮೇಸ್ತ್ರಿ, ಪಕ್ಕದಲ್ಲಿ ವಿಜ್ಞಾನದ ಮೇಷ್ಟ್ರು. ಮೇಸ್ತ್ರಿಗೆ ಕುರ್ಚಿ ಹಾಕಬೇಕು, ಸ್ಟೂಲಲ್ಲ. ಬೆಂಚಿನ ಮೇಲೆ ಬಿಚ್ಚಿದ ಎಂಜಿನ್ ರಸ್ತೆಗೆ ಹೋಗುವಂತಿಲ್ಲ ಎಂಬುದು ಮೊದಲ ನಿಯಮ.

ನಮ್ಮ ಶಾಲೆಯ ಮುಂದಿನ ಎಸ್‌ಡಿಎಂಸಿ ಸಭೆಗೆ ಈ ಪಟ್ಟಿಯನ್ನು ಒಯ್ಯುತ್ತಿದ್ದೇನೆ. ಕೊಠಡಿ ಇಲ್ಲ ಎನ್ನುತ್ತಾರೆ. ಮುರಿದ ಡೆಸ್ಕುಗಳನ್ನು ತುಂಬಿ ಬೀಗ ಹಾಕಿದ ಕೊಠಡಿಯೊಂದಿದೆ, ಬೀಗದ ಕೈ ಯಾರ ಹತ್ತಿರ ಇದೆಯೆಂದೂ ವಿಚಾರಿಸಿಟ್ಟಿದ್ದೇನೆ. ನಿಮ್ಮೂರಿನ ಸಭೆಗೆ ನೀವು ಒಯ್ಯಿರಿ. ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ.